ನನ್ನ ನಲವತ್ತು ಜಿಬಿ ಎಲ್ಲಿ ಹೋಯಿತು?

ಇಲ್ಲಿ ಕೂತಿರುವವರಲ್ಲಿ ಅರ್ಧ ಜನ ಊರೂರಲ್ಲಿ ನೆಟ್ ಕನೆಕ್ಷನ್ ಕೊಡುವ ಕೇಬಲ್ ಆಪರೇಟರ್‌ಗಳು. ಇನ್ನರ್ಧ ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳು. ಇಬ್ಬರಿಗೂ ಗೊತ್ತಿರುವ ಜಾಗದಿಂದಲೇ ಶುರು ಮಾಡುತ್ತೇನೆ. ಹಾಲಿನ ಡೇರಿ.

ಬೆಳಿಗ್ಗೆ ಡೇರಿ ಮುಂದೆ ಕ್ಯಾನು ಹಿಡಿದು ಸಾಲು ನಿಲ್ಲುತ್ತೀರಿ. ಕಾರ್ಯದರ್ಶಿ ಹಾಲು ಅಳೆಯುತ್ತಾರೆ, ಸ್ವಲ್ಪ ತೆಗೆದು ಫ್ಯಾಟ್ ನೋಡುತ್ತಾರೆ, ಸಂಘದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿಗೆ ಮುಗಿಯುವುದಿಲ್ಲ. ಅದೇ ಅಂಕಿಯನ್ನು ನಿಮ್ಮ ಪಾಸ್‌ಬುಕ್ಕಿನಲ್ಲೂ ಬರೆದು ಕೊಡುತ್ತಾರೆ. ಬಟವಾಡೆ ದಿನ ದುಡ್ಡು ಕಡಿಮೆ ಬಂದರೆ ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ಕೇಳುತ್ತೀರಿ. ಮನೆಯ ಕರೆಂಟ್ ಮೀಟರ್ ಕೂಡ ಹಾಗೆಯೇ. ಅದು ನಮ್ಮ ಗೋಡೆಯ ಮೇಲೇ ಇರುತ್ತದೆ, ಬೇಕಾದಾಗ ಹೋಗಿ ನೋಡಬಹುದು.

ಇಂಟರ್ನೆಟ್ ಹಾಗಲ್ಲ. ಅಳತೆ ಕನೆಕ್ಷನ್ ಕೊಡುವ ನಮ್ಮದು, ಪುಸ್ತಕ ನಮ್ಮದು, ಬಿಲ್ಲೂ ನಮ್ಮದೇ. ಗ್ರಾಹಕರ ಕೈಯಲ್ಲಿ ಏನೂ ಇಲ್ಲ. ನಾವು ಹೇಳಿದ್ದನ್ನು ನಂಬಬೇಕು, ಇಲ್ಲಾಂದ್ರೆ ಕನೆಕ್ಷನ್ ಬಿಡಬೇಕು. ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಮುಖ್ಯ ಅನಿಸಿದ್ದು ಇದೊಂದೇ. ಕೌಂಟರ್‌ಗೆ ಬಂದವರು "ನನ್ನ ನಲವತ್ತು ಜಿಬಿ ಎಲ್ಲಿ ಹೋಯಿತು" ಎಂದು ಕೇಳಿದಾಗ, ನೀವು ತಾರೀಕು ಗಂಟೆ ಸಮೇತ ತೋರಿಸಬಲ್ಲಿರಾ? ಇವತ್ತು ನಾನು ಹೇಳುವುದೆಲ್ಲ ಆ ಪ್ರಶ್ನೆಯ ಸುತ್ತವೇ ಇರುತ್ತದೆ.

ಒಬ್ಬರು ನೆಟ್ ಬಳಸುವಾಗ ಮೂರು ಪ್ರಶ್ನೆ ಬರುತ್ತವೆ. ನೀವು ಯಾರು? ನಿಮಗೆ ಏನೇನು ಕೊಡಬೇಕು? ಎಷ್ಟು ಬಳಸಿದಿರಿ? ಇಂಗ್ಲಿಷ್‌ನಲ್ಲಿ ಈ ಮೂರಕ್ಕೂ ಎ ಅಕ್ಷರದ ಹೆಸರಿದೆ. ಹಾಗಾಗಿ ಇದನ್ನು ಟ್ರಿಪಲ್ ಎ ಎನ್ನುತ್ತಾರೆ. ನಿಮ್ಮ ರೂಟರ್ ಈ ಪ್ರಶ್ನೆಗಳನ್ನು ತಾನೇ ಬಗೆಹರಿಸುವುದಿಲ್ಲ. ರೇಡಿಯಸ್ ಸರ್ವರ್ ಅಂತ ಒಂದು ಇರುತ್ತದೆ, ಅದನ್ನು ಕೇಳುತ್ತದೆ.

ರೇಡಿಯಸ್ ಹುಟ್ಟಿದ್ದು ಟೆಲಿಫೋನ್ ಮೋಡೆಮ್ ಕಾಲದಲ್ಲಿ. 1991ರಲ್ಲಿ ಅಮೆರಿಕದ ಮಿಷಿಗನ್‌ನ ಮೆರಿಟ್ ನೆಟ್‌ವರ್ಕ್ ಎಂಬ ಸಂಸ್ಥೆಗೆ ಒಂದು ತೊಂದರೆ ಇತ್ತು. ಬೇರೆ ಬೇರೆ ಕಡೆ ಮೋಡೆಮ್‌ಗಳ ಗುಂಪು ಇಟ್ಟಿದ್ದರು. ಪ್ರತಿ ಕಡೆಯೂ ಬಳಕೆದಾರರ ಪಟ್ಟಿ ಬೇರೆ ಬೇರೆ ಇಡುವುದು ಆಗದ ಮಾತು. ಪಟ್ಟಿ ಒಂದೇ ಕಡೆ ಇರಬೇಕು, ಎಲ್ಲ ಪೆಟ್ಟಿಗೆಗಳೂ ಅದನ್ನೇ ಕೇಳಬೇಕು. ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಎಂಬ ಕಂಪನಿ ಅದನ್ನು ಮಾಡಿಕೊಟ್ಟಿತು. 1997ರಲ್ಲಿ ಅದರ ನಿಯಮಗಳು ಬರಹ ರೂಪದಲ್ಲಿ ಬಂದವು. ನಾವು ಈಗಲೂ ಬಳಸುವುದು 2000ದ ಜೂನ್‌ನಲ್ಲಿ ಬಂದ ಎರಡು ದಾಖಲೆಗಳನ್ನು. ಇಂಟರ್ನೆಟ್‌ನ ಇಂಥ ದಾಖಲೆಗಳಿಗೆ ಆರ್‌ಎಫ್‌ಸಿ ಎನ್ನುತ್ತಾರೆ. ಆರ್‌ಎಫ್‌ಸಿ 2865 ಬಾಗಿಲು ಕಾಯುವುದಕ್ಕೆ, 2866 ಲೆಕ್ಕ ಬರೆಯುವುದಕ್ಕೆ. ಒಂದು ವಿಷಯ ನನ್ನ ಮನಸ್ಸಿನಲ್ಲಿ ಇನ್ನೂ ಕೊರೆಯುತ್ತದೆ. ಬಾಗಿಲು ಕಾಯುವ ದಾಖಲೆಗೆ ಸ್ಟ್ಯಾಂಡರ್ಡ್‌ನ ದರ್ಜೆ ಸಿಕ್ಕಿತು. ಲೆಕ್ಕದ ದಾಖಲೆ ಬರೀ ಮಾಹಿತಿಗಾಗಿ ಎಂದೇ ಉಳಿಯಿತು. ದುಡ್ಡಿನ ಜಗಳ ಹುಟ್ಟುವುದು ಅಲ್ಲೇ ಅಲ್ವಾ?

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ಕ್ಕೆ, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಆಗ ಲೆಕ್ಕ ಗಂಟೆಯಲ್ಲಿ. ಇಷ್ಟು ಗಂಟೆ ಅಂತ ಖರೀದಿ ಮಾಡಬೇಕು, ಮುಗಿದರೆ ಮತ್ತೆ ತಗೋಬೇಕು. ಅದರ ಜೊತೆಗೆ ಟೆಲಿಫೋನ್ ಕಾಲ್ ಬೇರೆ ಓಡುತ್ತಿತ್ತು. ಒಂದೇ ಬಳಕೆಗೆ ಎರಡು ಮೀಟರ್. ಬ್ರೌಸಿಂಗ್ ಸೆಂಟರ್‌ನಲ್ಲಿ ಮೂಲೆಯ ಗಡಿಯಾರ ನೋಡುತ್ತಾ ಮೇಲ್ ಟೈಪ್ ಮಾಡಿದವರು ನಿಮ್ಮಲ್ಲೂ ಇರಬೇಕು. ಆಮೇಲೆ 2005ರ ಹೊತ್ತಿಗೆ ಬಿಎಸ್‌ಎನ್‌ಎಲ್ ಡೇಟಾಒನ್ ಬ್ರಾಡ್‌ಬ್ಯಾಂಡ್ ಬಂತು. ಲೆಕ್ಕ ಗಂಟೆಯಿಂದ ಎಂಬಿಗೆ ಹೋಯಿತು. ಅದರ ಕೆಲವು ಪ್ಲಾನ್‌ಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬಳಸಿದರೂ ಲೆಕ್ಕಕ್ಕಿರಲಿಲ್ಲ. ಎರಡು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು ಡೌನ್‌ಲೋಡ್ ಹಾಕಿ ಮಲಗುತ್ತಿದ್ದ ಹುಡುಗರು ನನಗೆ ಗೊತ್ತು. ಹಿಂದೆ ಕೂತಿರುವ ಕೆಲವರು ತಲೆ ಆಡಿಸುತ್ತಿದ್ದೀರಿ, ನೋಡಿದೆ. ಎರಡು ಗಂಟೆಗೆ ಐದು ನಿಮಿಷ ಮೊದಲು ಶುರುವಾದ ಡೌನ್‌ಲೋಡ್‌ನ ಲೆಕ್ಕವನ್ನು ಎಲ್ಲಿ ಕತ್ತರಿಸಬೇಕು? ಈ ಪ್ರಶ್ನೆ ಆಗಲೇ ಹುಟ್ಟಿತ್ತು.

ಅದಕ್ಕೆ ಉತ್ತರ ಕೊಡಬೇಕಾದರೆ ಲೆಕ್ಕ ಹೇಗೆ ಬರುತ್ತದೆ ಅಂತ ನೋಡಬೇಕು. ಗ್ರಾಹಕರ ಮನೆಯ ರೂಟರ್ ಲಾಗಿನ್ ಆದಾಗ, ನಮ್ಮ ಕಡೆಯ ದೊಡ್ಡ ರೂಟರ್ ರೇಡಿಯಸ್‌ಗೆ ಒಂದು ಸ್ಟಾರ್ಟ್ ಚೀಟಿ ಕಳಿಸುತ್ತದೆ. ಕನೆಕ್ಷನ್ ಬಿಟ್ಟಾಗ ಸ್ಟಾಪ್ ಚೀಟಿ. ಮಧ್ಯದಲ್ಲಿ ಆಗಾಗ ಇಂಟರಿಮ್ ಅಂತ ಒಂದು, ಅಂದರೆ ಇಲ್ಲಿಯವರೆಗೆ ಇಷ್ಟಾಯಿತು ಎಂಬ ಚೀಟಿ. ಇಂಟರಿಮ್ ಮತ್ತು ಸ್ಟಾಪ್ ಚೀಟಿಗಳಲ್ಲಿ ಎಷ್ಟು ಸೆಕೆಂಡ್ ಆಯಿತು, ಎಷ್ಟು ಬೈಟ್ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಅಂತ ಇರುತ್ತದೆ. ಇಲ್ಲೇ ಹೊಸಬರು ಮೊದಲ ಸಲ ಎಡವುತ್ತಾರೆ. ಇನ್‌ಪುಟ್ ಅಂದರೆ ಗ್ರಾಹಕರ ಡೌನ್‌ಲೋಡ್ ಅಲ್ಲ. ಅದು ನಮ್ಮ ರೂಟರ್‌ನ ಕಡೆಯಿಂದ ನೋಡಿದ ಮಾತು. ಗ್ರಾಹಕರಿಂದ ರೂಟರ್‌ಗೆ ಬಂದದ್ದು ಇನ್‌ಪುಟ್, ಅಂದರೆ ಅವರ ಅಪ್‌ಲೋಡ್. ಇದನ್ನು ಅದಲು ಬದಲು ಮಾಡಿದ ಸಾಫ್ಟ್‌ವೇರನ್ನು ನಾನೇ ನೋಡಿದ್ದೇನೆ.

ಈಗ ನಲವತ್ತು ಜಿಬಿಯ ಕಥೆ. ಆಗ ನಾನು ಒಂದು ಸಣ್ಣ ಕಂಪನಿಯ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದೆ. ಒಬ್ಬರು ನಿವೃತ್ತ ಟೀಚರ್ ನಮ್ಮ ಗ್ರಾಹಕರು. ತಿಂಗಳಿಗೆ ಅರವತ್ತು ಜಿಬಿ ಪ್ಲಾನ್, ಮುಗಿದ ಮೇಲೆ ಸ್ಪೀಡ್ ಕಡಿಮೆ. ಒಂದು ತಿಂಗಳು ಹತ್ತನೇ ತಾರೀಕಿಗೇ ಅವರ ಸ್ಪೀಡ್ ಬಿದ್ದುಹೋಯಿತು. ಫೋನ್ ಮಾಡಿದರು. ನಮ್ಮ ಹುಡುಗ, "ಮೇಡಂ, ನೀವು ಜಾಸ್ತಿ ಬಳಸಿದ್ದೀರಿ" ಅಂದ. ಮಾರನೇ ದಿನ ಅವರು ಆಟೋ ಹತ್ತಿ ಆಫೀಸಿಗೇ ಬಂದರು. ಕೈಯಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್. ಬೆಳಿಗ್ಗೆ ಪ್ರವಚನ ಒಂದು ಗಂಟೆ, ಸಂಜೆ ಮೊಮ್ಮಗನ ಜೊತೆ ವಿಡಿಯೋ ಕಾಲ್ ಇಪ್ಪತ್ತು ನಿಮಿಷ. ಗೆರೆ ಎಳೆದು, ದಿನಾ ಬರೆದಿದ್ದಾರೆ. "ನೋಡಪ್ಪಾ, ಇದರಲ್ಲಿ ಇಪ್ಪತ್ತು ಜಿಬಿ ಆಗಿರಬಹುದು. ಉಳಿದ ನಲವತ್ತು ಎಲ್ಲಿ ಹೋಯಿತು ಹೇಳು. ಹೇಳಿದರೆ ನಾನು ದುಡ್ಡು ಕೊಡುತ್ತೇನೆ" ಅಂದರು.

ನಾನು ಹೇಳಲು ಆಗಲಿಲ್ಲ. ನಮ್ಮ ಸ್ಕ್ರೀನ್‌ನಲ್ಲಿ ಇದ್ದದ್ದು ಒಂದೇ ಅಂಕಿ, ಒಟ್ಟು ಮೊತ್ತ. ಅವರ ನೋಟ್‌ಬುಕ್ಕಿನಲ್ಲಿ ಇದ್ದಷ್ಟು ವಿವರ ನನ್ನ ಸರ್ವರ್‌ನ ಮುಖಪುಟದಲ್ಲಿ ಇರಲಿಲ್ಲ.

ಅವತ್ತು ರಾತ್ರಿ ಕೂತು ಅವರ ಒಂದೊಂದು ಚೀಟಿಯನ್ನೂ ತೆಗೆದು ನೋಡಿದೆ. ಆ ತಿಂಗಳ ಮೊದಲ ದಿನ ನಮ್ಮ ಕಡೆ ಹೊಸ ದೊಡ್ಡ ರೂಟರ್ ಹಾಕಿದ್ದೆವು. ಹಳೆಯದು ಇಂಟರಿಮ್ ಚೀಟಿ ಕಳಿಸುತ್ತಿರಲಿಲ್ಲ, ಹೊಸದು ಗಂಟೆಗೊಂದು ಕಳಿಸುತ್ತಿತ್ತು. ಆ ಚೀಟಿಯ ಅಂಕಿ ಆ ಗಂಟೆಯದಲ್ಲ, ಲಾಗಿನ್ ಆದಾಗಿನಿಂದ ಇಲ್ಲಿಯವರೆಗಿನ ಒಟ್ಟು. ಮೊದಲ ಗಂಟೆಗೆ 1 ಜಿಬಿ, ಎರಡನೆಯದಕ್ಕೆ 2, ಮೂರನೆಯದಕ್ಕೆ 3, ಆಮೇಲೆ ಸ್ಟಾಪ್ ಚೀಟಿಯಲ್ಲೂ 3. ನಿಜವಾದ ಬಳಕೆ 3 ಜಿಬಿ. ನಮ್ಮ ಪ್ರೋಗ್ರಾಂ ನಾಲ್ಕನ್ನೂ ಕೂಡಿಸಿ 9 ಅಂತ ಬರೆದಿತ್ತು. ಮನೆಯ ರೂಟರ್‌ನ ಸ್ವಿಚ್ ಆರಿಸದೆ ಬಿಡುವವರಿಗೆ ಜಾಸ್ತಿ ಹೊಡೆತ. ದಿನಾ ಆರಿಸುವವರಿಗೆ ಕಡಿಮೆ. ಹಾಗಾಗಿ ಎಲ್ಲರೂ ದೂರು ಕೊಡಲಿಲ್ಲ. ಟೀಚರ್ ಬರದಿದ್ದರೆ ಇನ್ನೆಷ್ಟು ತಿಂಗಳು ಹಾಗೇ ನಡೆಯುತ್ತಿತ್ತೋ. ಬೆಳಿಗ್ಗೆ ಅವರ ಮನೆಗೇ ಹೋಗಿ ತಪ್ಪು ಒಪ್ಪಿಕೊಂಡೆವು. ಉಳಿದವರ ಲೆಕ್ಕವನ್ನೂ ಸರಿ ಮಾಡಿ, ಅಷ್ಟೂ ಡೇಟಾ ವಾಪಸ್ ಹಾಕಿದೆವು.

ಇದೇ ಜಾತಿಯ ಇನ್ನೊಂದು ತಪ್ಪಿದೆ, ಅದು ಉಲ್ಟಾ ಹೊಡೆಯುತ್ತದೆ. ಚೀಟಿಯಲ್ಲಿ ಬೈಟ್ ಬರೆಯುವ ಜಾಗ 32 ಬಿಟ್‌ನದು. ಅದರಲ್ಲಿ ಹಿಡಿಸುವುದು 4,29,49,67,295ರವರೆಗೆ, ಅಂದರೆ 4 ಜಿಬಿ. ಅದು ದಾಟಿದರೆ ಸೊನ್ನೆಯಿಂದ ಮತ್ತೆ ಶುರು, ಹಳೆಯ ಸ್ಕೂಟರ್ ಮೀಟರ್ ತಿರುಗಿದ ಹಾಗೆ. ಮೋಡೆಮ್ ಕಾಲದಲ್ಲಿ ಒಂದೇ ಲಾಗಿನ್‌ನಲ್ಲಿ 4 ಜಿಬಿ ಎಳೆಯುವುದು ಯಾರ ಕನಸಿನಲ್ಲೂ ಇರಲಿಲ್ಲ. ಈಗ 100 ಎಂಬಿಪಿಎಸ್ ಕನೆಕ್ಷನ್ ಪೂರ್ತಿ ಓಡಿದರೆ ಆರು ನಿಮಿಷದೊಳಗೆ 4 ಜಿಬಿ ಮುಗಿಯುತ್ತದೆ. ಆಮೇಲೆ ಗಿಗಾವರ್ಡ್ಸ್ ಅಂತ ಇನ್ನೊಂದು ಅಂಕಣ ಸೇರಿಸಿದರು. ಮೀಟರ್ ಎಷ್ಟು ಸಲ ತಿರುಗಿತು ಅಂತ ಅದು ಹೇಳುತ್ತದೆ. ಆ ಅಂಕಣವನ್ನು ಓದದ ಬಿಲ್ಲಿಂಗ್ ಸಾಫ್ಟ್‌ವೇರ್ ಇದ್ದರೆ ಜಾಸ್ತಿ ಬಳಸುವವರ ಲೆಕ್ಕ ಕಡಿಮೆ ಕಾಣುತ್ತದೆ. ನಷ್ಟ ನಿಮ್ಮದು. ಯಾರೂ ಆಟೋ ಹತ್ತಿ ಬಂದು ಹೇಳುವುದಿಲ್ಲ.

ಈ ಚೀಟಿಗಳು ದಾರಿಯಲ್ಲಿ ಕಳೆದುಹೋಗಬಹುದು. ಯುಡಿಪಿ, ಅಂದರೆ ತಲುಪಿತಾ ಅಂತ ನೋಡದೆ ಕಳಿಸುವ ಪದ್ಧತಿಯ ಮೇಲೆ ಓಡುವ ಮಾತು ಅದು, ತಲುಪಿಯೇ ತಲುಪುತ್ತದೆ ಅಂತ ಖಾತ್ರಿ ಇಲ್ಲ. ಅದಕ್ಕೇ ಸರ್ವರ್ ಪ್ರತಿ ಚೀಟಿಗೂ ಸ್ವೀಕೃತಿ ಕೊಡಬೇಕು. ಸ್ವೀಕೃತಿ ಬರದಿದ್ದರೆ ರೂಟರ್ ಮತ್ತೆ ಕಳಿಸುತ್ತದೆ. 2866ರಲ್ಲಿ ಒಂದು ಸಾಲಿದೆ, ನನಗೆ ತುಂಬಾ ಇಷ್ಟ. ಚೀಟಿಯನ್ನು ಬರೆದಿಡಲು ಆಗದಿದ್ದರೆ ಸರ್ವರ್ ಸ್ವೀಕೃತಿ ಕೊಡಲೇಬಾರದು. ಡೇರಿ ಕಾರ್ಯದರ್ಶಿ ಪುಸ್ತಕದಲ್ಲಿ ಬರೆಯದೆ ನಿಮ್ಮ ಪಾಸ್‌ಬುಕ್ಕಿಗೆ ಸಹಿ ಹಾಕಬಾರದು, ಅಷ್ಟೇ. ಸರ್ವರ್ ಬೇಗ ಓಡಲಿ ಅಂತ ಮೊದಲು ಸ್ವೀಕೃತಿ ಕೊಟ್ಟು ಆಮೇಲೆ ಬರೆಯುವ ಅಡ್ಡದಾರಿ ಕೆಲವರು ಹಿಡಿಯುತ್ತಾರೆ. ದಯವಿಟ್ಟು ಬೇಡ. ಮತ್ತೆ ಕಳಿಸಿದ ಚೀಟಿ ಎರಡು ಸಲ ಬರಬಹುದು, ಅದನ್ನು ಗುರುತಿಸಿ ಒಂದೇ ಸಲ ಬರೆಯುವುದೂ ನಿಮ್ಮ ಕೆಲಸ.

ಮಲೆನಾಡಿನ ಕಡೆಯ ಆಪರೇಟರ್‌ಗಳಿಗೆ ಮುಂದಿನ ಮಾತು ಚೆನ್ನಾಗಿ ಗೊತ್ತಿರುತ್ತದೆ. ಮಳೆಗಾಲದ ಸಂಜೆ, ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು. ನಿಮ್ಮ ಬ್ಯಾಟರಿಯೂ ಕುಸಿಯಿತು, ದೊಡ್ಡ ರೂಟರ್ ಆರಿಹೋಯಿತು. ಅದು ಯಾರದ್ದೂ ಸ್ಟಾಪ್ ಚೀಟಿ ಕಳಿಸಲಿಲ್ಲ, ಕಳಿಸಲು ಸಮಯ ಎಲ್ಲಿ? ಸರ್ವರ್‌ನ ಪುಸ್ತಕದಲ್ಲಿ ಆಗ ನೆಟ್‌ನಲ್ಲಿದ್ದ ಮುನ್ನೂರು ಜನ ಇನ್ನೂ ಒಳಗೇ ಇದ್ದಾರೆ. ಕರೆಂಟ್ ಬಂತು, ಎಲ್ಲರೂ ಒಟ್ಟಿಗೆ ಲಾಗಿನ್‌ಗೆ ಬಂದರು. ಒಂದು ಯೂಸರ್‌ನೇಮ್‌ಗೆ ಒಂದೇ ಲಾಗಿನ್ ಅಂತ ನೀವು ನಿಯಮ ಹಾಕಿದ್ದೀರಿ. ಸರ್ವರ್ ಏನು ಹೇಳುತ್ತದೆ? "ನೀವು ಆಗಲೇ ಒಳಗಿದ್ದೀರಿ, ಆಚೆ ಹೋಗಿ." ಮಳೆಯಲ್ಲಿ ನೆನೆದು ಮನೆಗೆ ಬಂದವರಿಗೆ ನೆಟ್ ಇಲ್ಲ. ಫೋನ್ ಮೇಲೆ ಫೋನ್.

ಇದಕ್ಕೂ ದಾರಿ ಇದೆ. ರೂಟರ್ ಎದ್ದ ಕೂಡಲೇ ಅಕೌಂಟಿಂಗ್-ಆನ್ ಅಂತ ಒಂದು ಸಂದೇಶ ಕಳಿಸಬಲ್ಲದು. ನಾನು ಈಗ ತಾನೇ ಎದ್ದೆ, ಹಳೆಯದೆಲ್ಲ ಮುಗಿಯಿತು ಎಂದು ಅದರ ಅರ್ಥ. ಅದು ಬಂದ ತಕ್ಷಣ ಆ ರೂಟರ್‌ನ ಹಳೆಯ ಲಾಗಿನ್‌ಗಳನ್ನೆಲ್ಲ ಮುಚ್ಚಿಬಿಡಿ. ಅದು ಬರದೇ ಹೋದರೆ, ಮೂರು ಇಂಟರಿಮ್ ತಪ್ಪಿಸಿದ ಲಾಗಿನ್ ಸತ್ತಿದೆ ಅಂತ ತಗೊಳ್ಳಿ. ಬಳಕೆಯ ಅಂಕಿ ಕೊನೆಯ ಇಂಟರಿಮ್‌ನಲ್ಲಿ ಇದ್ದಷ್ಟೇ. ಅದಾದ ಮೇಲಿನ ಕೆಲವು ನಿಮಿಷದ ಡೇಟಾ ಲೆಕ್ಕಕ್ಕೆ ಸಿಗುವುದಿಲ್ಲ, ಹೋಗಲಿ ಬಿಡಿ. ಸಂಶಯ ಇದ್ದಾಗ ಲೆಕ್ಕ ಗ್ರಾಹಕರ ಕಡೆಗೆ ವಾಲಬೇಕು ಅನ್ನುವುದು ನನ್ನ ಪಕ್ಷ.

ರೀಚಾರ್ಜ್ ಮುಗಿದವರ ವಿಷಯಕ್ಕೆ ಬರುತ್ತೇನೆ. ಹಳೆಯ ವಿಂಡೋಸ್‌ನಲ್ಲಿ ಎರರ್ 691 ಅಂತ ಬರುತ್ತಿದ್ದದ್ದು ನೆನಪಿದೆಯಾ? ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು ಅಂತ. ದುಡ್ಡು ಕಟ್ಟದವರಿಗೂ ಅದೇ 691. ಪಾಪ, ಜನ ಪಾಸ್‌ವರ್ಡ್ ಮತ್ತೆ ಮತ್ತೆ ಹಾಕಿ ಸುಸ್ತಾಗುತ್ತಿದ್ದರು. ಈಗಿನ ಮನೆ ರೂಟರ್ ಸುಸ್ತಾಗುವುದಿಲ್ಲ. ಬಾಗಿಲು ಮುಚ್ಚಿದರೆ ಕೆಲವು ಸೆಕೆಂಡಿಗೊಮ್ಮೆ ಮತ್ತೆ ತಟ್ಟುತ್ತಲೇ ಇರುತ್ತದೆ. ಅಂಥವರು ಐನೂರು ಜನ ಆದರೆ ನಿಮ್ಮ ಸರ್ವರ್‌ಗೆ ರಾತ್ರಿಯಿಡೀ ಅದೇ ಕೆಲಸ. ಹಾಗಾಗಿ ಅವಧಿ ಮುಗಿದವರನ್ನು ಹೊರಗೆ ತಳ್ಳಬೇಡಿ. ಒಳಗೆ ಬಿಡಿ, ಆದರೆ ಜಗಲಿಯಲ್ಲಿ ಕೂರಿಸಿ. ಬೇರೆ ಐಪಿ ಗುಂಪು, ಅಂದರೆ ನೆಟ್ ವಿಳಾಸಗಳ ಬೇರೆ ಗುಂಪು ಕೊಟ್ಟು, ಏನು ತೆರೆದರೂ ರೀಚಾರ್ಜ್ ಪುಟ ಮಾತ್ರ ಬರುವ ಹಾಗೆ ಮಾಡಿ. ಯುಪಿಐಯಲ್ಲಿ ದುಡ್ಡು ಬಿದ್ದ ಕೂಡಲೇ ಸರ್ವರ್ ಕಡೆಯಿಂದಲೇ ರೂಟರ್‌ಗೆ ಹೇಳಿ ಪ್ಲಾನ್ ಬದಲಿಸಬಹುದು. ಚೇಂಜ್ ಆಫ್ ಆಥರೈಸೇಶನ್, ಚಿಕ್ಕದಾಗಿ ಸಿಒಎ ಎನ್ನುತ್ತಾರೆ. ಅದು ರೂಟರ್‌ನ 3799ನೇ ಪೋರ್ಟ್‌ಗೆ, ಅಂದರೆ ಆ ನಂಬರ್‌ನ ಒಳಬಾಗಿಲಿಗೆ ಹೋಗುತ್ತದೆ. ಮನೆಯ ರೂಟರ್ ಆಫ್ ಮಾಡಿ ಆನ್ ಮಾಡಿ ಅಂತ ಫೋನ್‌ನಲ್ಲಿ ಹೇಳುವ ಕೆಲಸ ತಪ್ಪುತ್ತದೆ.

ಅವಧಿ ಅಂದಾಗ ಗಡಿಯಾರದ ಮಾತು ಬಂತು. ಒಂದು ಕಡೆ ಗ್ರಾಹಕರ ಕನೆಕ್ಷನ್ ಸರಿಯಾಗಿ ಬೆಳಿಗ್ಗೆ ಐದೂವರೆಗೆ ಕತ್ತರಿಸಿ ಹೋಗುತ್ತಿತ್ತು. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ. ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿತ್ತು. ಅದಕ್ಕೆ ಮಧ್ಯರಾತ್ರಿ ಆಗುವಾಗ ನಮಗೆ 5.30. ಇನ್ನು ಕೆಲವು ಸಣ್ಣ ರೂಟರ್‌ಗಳಲ್ಲಿ ಗಡಿಯಾರಕ್ಕೆ ಬ್ಯಾಟರಿಯೇ ಇರುವುದಿಲ್ಲ, ಎದ್ದಾಗ 1970 ಅಂತ ಹೇಳುತ್ತವೆ. ಎಲ್ಲ ಪೆಟ್ಟಿಗೆಗೂ ಎನ್‌ಟಿಪಿ, ಅಂದರೆ ನೆಟ್ ಮೂಲಕ ಗಡಿಯಾರ ಸರಿ ಮಾಡುವ ವ್ಯವಸ್ಥೆ ಹಾಕಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಲ್ಲೂ ಗಡಿಯಾರ ಹೊಂದಿಸಿಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು ಎಂದಿದೆ. ಐಎಸ್‌ಪಿ, ಅಂದರೆ ನೆಟ್ ಸೇವೆ ಕೊಡುವ ಕಂಪನಿಯ ಲೈಸೆನ್ಸ್‌ನ ಷರತ್ತು ಅದಕ್ಕಿಂತ ದೀರ್ಘ. ಒಂದೇ ಐಪಿಯನ್ನು ನೂರಾರು ಮನೆಗಳಿಗೆ ಹಂಚಿರುವಾಗ, ಈ ಐಪಿ ಈ ಹೊತ್ತಿನಲ್ಲಿ ಯಾರದ್ದು ಅಂತ ಪೊಲೀಸ್ ಪತ್ರ ಬಂದರೆ, ಪೋರ್ಟ್ ನಂಬರ್ ಮತ್ತು ಸರಿಯಾದ ಸಮಯ ಇಲ್ಲದೆ ಉತ್ತರ ಕೊಡಲಾಗದು. ಎರಡು ನಿಮಿಷ ಆಚೀಚೆ ಆದರೆ ಪೊಲೀಸರು ಬೇರೆ ಯಾರದ್ದೋ ಮನೆ ಬಾಗಿಲಿಗೆ ಹೋಗುತ್ತಾರೆ.

ದರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಿಮ್ಮ ವ್ಯಾಪಾರ. ಎರಡೇ ಮಾತು. ಪಾಂಪ್ಲೆಟ್‌ನಲ್ಲಿ 499 ಅಂತ ದೊಡ್ಡದಾಗಿ ಹಾಕಿ, ಶೇ 18 ಜಿಎಸ್‌ಟಿ ಸೇರಿಸಿ 588 ರೂಪಾಯಿ 82 ಪೈಸೆ ಕೇಳಿದರೆ ಜನಕ್ಕೆ ಮೋಸ ಅನಿಸುತ್ತದೆ. ಎರಡನ್ನೂ ಒಂದೇ ಗಾತ್ರದಲ್ಲಿ ಬರೆಯಿರಿ. ಇನ್ನೊಂದು, ಜಿಬಿ ಅಂದರೆ ಎಷ್ಟು? ಸಾವಿರದ ಲೆಕ್ಕವೋ, 1024ರ ಲೆಕ್ಕವೋ? 100 ಜಿಬಿ ಪ್ಲಾನ್‌ನಲ್ಲಿ ಈ ಎರಡರ ನಡುವೆ 7 ಜಿಬಿಗೂ ಜಾಸ್ತಿ ವ್ಯತ್ಯಾಸ ಬರುತ್ತದೆ. ಯಾವುದಾದರೂ ಒಂದು ಹಿಡಿಯಿರಿ, ಅದನ್ನು ಬರೆದು ಗೋಡೆಗೆ ಹಾಕಿ.

ಮಕ್ಕಳೇ, ನಿಮ್ಮ 4ಜಿ ಮೊಬೈಲ್‌ನಲ್ಲಿ ದಿನಕ್ಕೆ 1.5 ಜಿಬಿ ಅಂತ ಇರುತ್ತದಲ್ಲ, ಅಲ್ಲಿ ನಡೆಯುವುದು ರೇಡಿಯಸ್ ಅಲ್ಲ. ಅದರ ಮುಂದಿನ ತಲೆಮಾರು, ಹೆಸರು ಡಯಾಮೀಟರ್. ತ್ರಿಜ್ಯದ ಎರಡರಷ್ಟು ವ್ಯಾಸ ಅಂತ ಹೆಸರಿಟ್ಟರು. ಅಲ್ಲಿ ಮೊದಲು ಬಳಸಿ ಆಮೇಲೆ ಲೆಕ್ಕ ಹೇಳುವ ಪದ್ಧತಿ ಇಲ್ಲ. ನೆಟ್‌ವರ್ಕ್ ಮೊದಲು ಚಾರ್ಜಿಂಗ್ ಸರ್ವರ್‌ನಿಂದ ಒಂದು ತುಂಡು ಡೇಟಾ ಪಡೆಯುತ್ತದೆ, ಅದು ಮುಗಿಯುತ್ತಾ ಬಂದಾಗ ಇನ್ನೊಂದು ತುಂಡು ಕೇಳುತ್ತದೆ. ಅಮ್ಮ ಸಂತೆಯಲ್ಲಿ ಪೂರ್ತಿ ಪರ್ಸ್ ಕೊಡದೆ ಹತ್ತು ಹತ್ತು ರೂಪಾಯಿ ಕೊಟ್ಟ ಹಾಗೆ. ತುಂಡು ತೀರಾ ಚಿಕ್ಕದಾದರೆ ಸರ್ವರ್‌ಗೆ ಪುರುಸೊತ್ತಿಲ್ಲ. ದೊಡ್ಡದಾದರೆ, ಬಳಸದ ಡೇಟಾ ಮಧ್ಯದಲ್ಲಿ ಸಿಕ್ಕಿಕೊಂಡು, ಬ್ಯಾಲೆನ್ಸ್ ಇದ್ದರೂ ಇಲ್ಲ ಅನ್ನುತ್ತದೆ.

ಇನ್ನೊಂದು ಮಾತು, ಸ್ವಲ್ಪ ಬೇರೆ ದಾರಿಯದು. ಈ ಲೆಕ್ಕದ ಪುಸ್ತಕ ಬರೀ ದುಡ್ಡಿನದಲ್ಲ. ಯಾವಾಗ ಮನೆಯಲ್ಲಿ ಜನ ಇದ್ದಾರೆ, ಯಾವಾಗ ಮಲಗುತ್ತಾರೆ, ಯಾವ ವಾರ ಊರಲ್ಲಿಲ್ಲ, ಎಲ್ಲ ಅದರಲ್ಲಿ ಕಾಣುತ್ತದೆ. ಒಮ್ಮೆ ಒಬ್ಬ ತಂದೆ ಬಂದು, ಮಗಳು ರಾತ್ರಿ ಎಷ್ಟು ಹೊತ್ತಿನವರೆಗೆ ನೆಟ್‌ನಲ್ಲಿರುತ್ತಾಳೆ ಪ್ರಿಂಟ್ ಕೊಡಿ ಅಂದರು. ಆ ಕನೆಕ್ಷನ್ ಇದ್ದದ್ದು ಮಗಳ ಹೆಸರಿನಲ್ಲಿ, ಅವಳು ಬಾಡಿಗೆಗೆ ಇದ್ದ ಮನೆಯಲ್ಲಿ. ಕೊಡಲಿಲ್ಲ. ನಮ್ಮ ಫ್ರಾಂಚೈಸಿ ಹುಡುಗರಿಗೆಲ್ಲ ಆ ಪುಟ ತೆರೆದೇ ಇತ್ತು ಅನ್ನುವುದು ಆಗ ಹೊಳೆಯಿತು. ಮಾರನೇ ದಿನವೇ ಮುಚ್ಚಿದೆವು. ಯಾರು ಯಾರ ಲೆಕ್ಕ ತೆರೆದು ನೋಡಿದರು ಎಂಬುದೂ ಈಗ ದಾಖಲಾಗುತ್ತದೆ.

ಟೀಚರ್ ಬಂದುಹೋದ ಮೇಲೆ ನಾವು ಮಾಡಿದ ದೊಡ್ಡ ಕೆಲಸ ಅಂದರೆ ಪಾಸ್‌ಬುಕ್. ಗ್ರಾಹಕರು ತಮ್ಮ ಫೋನ್‌ನಿಂದಲೇ ನೋಡುವ ಪುಟ. ಪ್ರತಿ ಲಾಗಿನ್‌ಗೆ ಒಂದು ಸಾಲು. ಶುರುವಾದ ಹೊತ್ತು, ಮುಗಿದ ಹೊತ್ತು, ಡೌನ್‌ಲೋಡ್, ಅಪ್‌ಲೋಡ್, ಕನೆಕ್ಷನ್ ಯಾಕೆ ಬಿಟ್ಟಿತು. ಕಾರಣವೂ ಸ್ಟಾಪ್ ಚೀಟಿಯಲ್ಲೇ ಬರುತ್ತದೆ. ನೀವೇ ಆರಿಸಿದಿರಾ, ಲೈನ್ ಕಡಿದುಹೋಯಿತಾ, ನಾವು ಕತ್ತರಿಸಿದೆವಾ. ಅದನ್ನು ಕನ್ನಡದಲ್ಲಿ ತೋರಿಸಿದೆವು. ಡೇಟಾ ಜಗಳದ ಫೋನ್‌ಗಳು ಕಡಿಮೆಯಾದವು. ಬಂದ ಫೋನ್‌ಗಳೂ ಬೇರೆ ಥರ ಇದ್ದವು. "ಮೂರನೇ ತಾರೀಕು ಮಧ್ಯಾಹ್ನ ನಾಲ್ಕು ಸಲ ಲೈನ್ ಕಡಿದಿದೆ, ಕಂಬದ ಹತ್ತಿರ ನೋಡಿ" ಅಂತ ಗ್ರಾಹಕರೇ ಹೇಳತೊಡಗಿದರು.

ನಿಮ್ಮ ಲೆಕ್ಕ ಸರಿ ಇದೆಯಾ ಅಂತ ತಿಳಿಯಲು ದೊಡ್ಡ ಆಡಿಟ್ ಬೇಡ. ನಾಳೆ ಬೆಳಿಗ್ಗೆ ಒಂದು ಟೆಸ್ಟ್ ಯೂಸರ್‌ನೇಮ್ ಮಾಡಿ. ಅದಕ್ಕೆ ಒಂದೇ ಕಂಪ್ಯೂಟರ್ ಜೋಡಿಸಿ, ಅಪ್‌ಡೇಟ್‌ಗಳನ್ನೆಲ್ಲ ನಿಲ್ಲಿಸಿ. ಸರಿಯಾಗಿ 5 ಜಿಬಿ ಇರುವ ಫೈಲ್ ಇಳಿಸಿಕೊಳ್ಳಿ. 4 ದಾಟಬೇಕು, ಅದಕ್ಕೇ 5. ಮಧ್ಯದಲ್ಲಿ ಎರಡು ಮೂರು ಇಂಟರಿಮ್ ಬರುವಷ್ಟು ಹೊತ್ತು ಕಾಯಿರಿ, ಆಮೇಲೆ ಲಾಗೌಟ್ ಮಾಡಿ ಪುಸ್ತಕ ತೆರೆಯಿರಿ. ಡೇಟಾ ಪ್ಯಾಕೆಟ್‌ಗಳ ಮೇಲೆ ವಿಳಾಸ ಬರೆದಿರುವ ತಲೆಬರಹವೂ ಸೇರಿ ನೂರಕ್ಕೆ ಮೂರರಷ್ಟು ಜಾಸ್ತಿ ಕಾಣುವುದು ಸಹಜ. 1 ಜಿಬಿ ಕಂಡರೆ ಗಿಗಾವರ್ಡ್ಸ್ ನೋಡಿ. 12 ಕಂಡರೆ ಇಂಟರಿಮ್ ನೋಡಿ. ಅಪ್‌ಲೋಡ್ ಕಡೆ 5 ಬರೆದಿದ್ದರೆ ಎರಡು ಅಂಕಣ ಅದಲು ಬದಲಾಗಿವೆ.